ನೀರು ಬಂದರೆ ಗೇಟಿಲ್ಲ

ಗೇಟು ತೆರೆದಾಗ ಹಕ್ಕಿ ಕೂಗಿದರೆ ಎಷ್ಟು ಚೆನ್ನ ಎಂದು ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗಳಿಗೆ ಬೆಳಗಿನ ಕಾಫಿ ಹೊತ್ತಿನಲ್ಲಿ ಅನ್ನಿಸಿತು. ಅನ್ನಿಸಿದ್ದು ಅವರಿಗೆ, ಅನುಭವಿಸಿದ್ದು ಎರಡನೇ ಮಹಡಿಯ ಎಂಜಿನಿಯರ್.

ಆ ಕಟ್ಟಡದ ಗೇಟನ್ನೂ ನೀರಿನ ಪಂಪನ್ನೂ ನಡೆಸುತ್ತಿದ್ದುದು ಕಾವಲುಗಾರನ ಕೋಣೆಯಲ್ಲಿದ್ದ ಪುಟ್ಟ ಕಂಪ್ಯೂಟರು. ಅದಕ್ಕೆ ಪ್ರೋಗ್ರಾಂ ಬರೆದುಕೊಟ್ಟ ತಪ್ಪಿಗೆ ಎಂಜಿನಿಯರ್ ಅದರ ಪುಕ್ಕಟೆ ಆಳಾಗಿದ್ದ. ರಜೆಗಳೆಲ್ಲ ಆ ಕೋಣೆಯಲ್ಲೇ ಕಳೆಯುತ್ತಿದ್ದವು. ಈ ಸಲ ಹೆಂಡತಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಮಧ್ಯಾಹ್ನದ ಬಸ್ಸಿಗೆ ಅಕ್ಕನ ಊರಿಗೆ ಹೊರಡೋದೇ. ನೀವು ಬರ್ದೇ ಇದ್ರೆ ನಾನೊಬ್ಳೇ."

"ಇದೊಂದು ಮಾಡ್ಕೊಟ್ಬಿಡಿ," ಎಂದರು ಕಾರ್ಯದರ್ಶಿಗಳು. "ಯಾರೂ ನೋಡ್ಕೊಳ್ಳೋ ಅಗತ್ಯ ಇಲ್ದೆ ನಡೆದ್ರೆ, ಇವತ್ತಿಂದ ನಿಮಗೆ ಬಿಡುಗಡೆ."

ಎಂಜಿನಿಯರ್ ಹಿಗ್ಗಿ ಹೀರೇಕಾಯಿಯಾದ. ಹಕ್ಕಿಯ ದನಿಗೆ ಯಾರೋ ಬರೆದಿಟ್ಟಿದ್ದ ಸಿದ್ಧ ಪ್ರೋಗ್ರಾಂ ತುಣುಕೊಂದನ್ನು, ಅಂದರೆ ಪ್ಯಾಕೇಜನ್ನು, ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ. ಅದು ಸುಮ್ಮನೆ ಬರಲಿಲ್ಲ. ತನಗೆ ಕಂಪ್ಯೂಟರಿನಲ್ಲಿದ್ದ ಗಡಿಯಾರದ ಪ್ಯಾಕೇಜಿನ ಹೊಸ ಆವೃತ್ತಿಯೇ ಬೇಕೆಂದು ಹಟ ಹಿಡಿದು, ಹಳೆಯದನ್ನು ಹೊರದಬ್ಬಿ ಹೊಸದನ್ನು ಕೂರಿಸಿತು. ಗೇಟು ತೆರೆಯಿತು, ಹಕ್ಕಿ ಕೂಗಿತು. ಹಳೆಯ ಗಡಿಯಾರವನ್ನೇ ನೆಚ್ಚಿಕೊಂಡಿದ್ದ ಪಂಪು ನಿಂತುಹೋಯಿತು.

ಮೂರನೇ ಮಹಡಿಯ ಕಿಟಕಿಯಲ್ಲಿ ಸಂಗೀತದ ಮೇಡಂ ತಲೆ ಕಾಣಿಸಿತು. ತಲೆ ಅಂದರೆ ಬರೀ ನೊರೆ.

"ಎಂಜಿನಿಯರ್ರೇ! ಕಣ್ಣಲ್ಲೆಲ್ಲ ಶಾಂಪೂ! ನೀರು ಬಿಡ್ತೀರೋ, ಹೀಗೇ ಕೆಳಗೆ ಬರ್ಲೋ?"

ಗಾಬರಿಯಲ್ಲಿ ಹಳೆಯ ಗಡಿಯಾರವನ್ನು ವಾಪಸು ಹಾಕಿದ. ನೀರು ಬಂತು, ಹಕ್ಕಿಯನ್ನು ಕಟ್ಟಿಕೊಂಡಿದ್ದ ಗೇಟು ಹೊಸ ಗಡಿಯಾರವಿಲ್ಲದೆ ಜಪ್ಪಯ್ಯ ಅನ್ನಲಿಲ್ಲ. ವಾಕಿಂಗ್ ಮುಗಿಸಿ ಬಂದ ನಿವೃತ್ತ ಜಡ್ಜ್ ಸಾಹೇಬರು ಬೀದಿಯಲ್ಲೇ ಉಳಿದರು.

"ಏನ್ರೀ ಇದು? ನನ್ನ ಮನೆಗೆ ನನಗೇ ಪ್ರವೇಶ ಇಲ್ವಾ?"

ಹೊಸದು ಹಾಕಿದ. ಜಡ್ಜ್ ಒಳಗೆ ಬಂದರು, ನೀರು ಹೋಯಿತು. ಮೇಡಂ ಕಿರುಚಿದರು. ಹಳೆಯದು ಹಾಕಿದ. ಈ ಸಲ ತರಕಾರಿ ಚೀಲದ ಸಮೇತ ಕಾರ್ಯದರ್ಶಿಗಳೇ ಹೊರಗೆ ಸಿಕ್ಕಿಬಿದ್ದರು.

"ಮಧ್ಯದ್ದೊಂದು ಹಾಕ್ರೀ, ಇಬ್ಬರಿಗೂ ನ್ಯಾಯ ಆಗುತ್ತೆ," ಎಂದು ಜಡ್ಜ್ ರಾಜಿ ಸೂಚಿಸಿದರು.

ಮಧ್ಯದ ಆವೃತ್ತಿ ಹಾಕಿದ್ದೇ ತಡ, ನೀರೂ ಇಲ್ಲ, ಗೇಟೂ ಇಲ್ಲ. ಹಕ್ಕಿ ಮಾತ್ರ ಬಾಯಿ ಮುಚ್ಚದೆ ಕೂಗತೊಡಗಿತು. ಹೆಂಡತಿ ಸೂಟ್‌ಕೇಸ್ ತಂದು ಕೋಣೆಯ ಬಾಗಿಲಲ್ಲಿಟ್ಟು ಅದರ ಮೇಲೆ ಕೂತಳು. ಕೈಗಡಿಯಾರ ನೋಡಿಕೊಂಡಳು. ಎಂಜಿನಿಯರನಿಗೆ ನಿಜವಾಗಿ ಭಯವಾದದ್ದು ಆಗಲೇ.

ಭಯಕ್ಕೇ ಬುದ್ಧಿ ಓಡಿತೋ ಏನೋ. ಗೇಟಿನ ಮತ್ತು ಪಂಪಿನ ಪ್ರೋಗ್ರಾಂಗಳೆರಡಕ್ಕೂ ಕಂಪ್ಯೂಟರಿನೊಳಗೇ ಬೇರೆ ಬೇರೆ ಕೋಣೆ, ಅಂದರೆ ವರ್ಚುವಲ್ ಎನ್‌ವಿರಾನ್‌ಮೆಂಟ್, ಕಟ್ಟಿದ. ಒಂದರಲ್ಲಿ ಗೇಟಿಗೆ ಹೊಸ ಗಡಿಯಾರ, ಇನ್ನೊಂದರಲ್ಲಿ ಪಂಪಿಗೆ ಹಳೆಯದು. ಗೇಟು ತೆರೆಯಿತು, ನೀರೂ ಬಂತು, ಹಕ್ಕಿಯೂ ಹದವಾಗಿ ಕೂಗಿತು. ನೆರೆದವರೆಲ್ಲ ಚಪ್ಪಾಳೆ ತಟ್ಟಿದರು.

"ಏನ್ ಮಾಡಿದ್ರಿ?" ಎಂದರು ಜಡ್ಜ್.

"ಇಬ್ಬರಿಗೂ ಬೇರೆ ಬೇರೆ ಅಡುಗೆಮನೆ ಕೊಟ್ಟೆ ಸಾರ್. ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕೋ ಹಾಗಿಲ್ಲ."

"ಹಾಗಾದ್ರೆ ಮೂರನೇದು ಬಂದ್ರೂ ಇವಕ್ಕೇನೂ ಆಗಲ್ಲ?"

"ನೂರು ಬರ್ಲಿ ಸಾರ್!" ಎಂದ ಎಂಜಿನಿಯರ್, ಎದೆಯುಬ್ಬಿಸಿ.

ಅಂದವನೇ ನಾಲಿಗೆ ಕಚ್ಚಿಕೊಂಡ. ಯಾರು ಹೊಸದಾಗಿ ಏನು ಕೇಳಿದರೂ, ಒಂದನ್ನು ಮುಟ್ಟಿದರೆ ಇನ್ನೊಂದು ಕೆಡುತ್ತದೆ ಎಂದೇ ಅವನು ಇಷ್ಟು ದಿನ ತಪ್ಪಿಸಿಕೊಂಡಿದ್ದ. ಅವನಿಗಿದ್ದದ್ದು ಅದೊಂದೇ ನೆಪ. ಅದನ್ನು ಈಗ ಕೈಯಾರೆ ಹಾಳುಮಾಡಿಕೊಂಡಿದ್ದ.

"ಹಾಗಿದ್ರೆ ಪೇಪರ್ ಬಂದ ತಕ್ಷಣ ನಮ್ಮನೇಲಿ ಗಂಟೆ ಹೊಡೀಲಿ," ಎಂದರು ಜಡ್ಜ್. "ನೀರು ನಿಲ್ಲೋಕೆ ಮುಂಚೆ ನನಗೊಂದು ಮಾತು ಹೇಳೋ ಹಾಗೆ ಮಾಡಿ," ಎಂದರು ತಲೆ ಒರೆಸಿಕೊಳ್ಳುತ್ತಿದ್ದ ಮೇಡಂ. ಹಿಂದೆ ಇನ್ನೂ ಜನ ಸಾಲುಗಟ್ಟುತ್ತಿದ್ದರು.

"ಸಾರ್, ನನಗೆ ಬಿಡುಗಡೆ..." ಎಂದು ಎಂಜಿನಿಯರ್ ಗೋಗರೆದ.

"ಕೊಟ್ಟಾಯ್ತಲ್ಲ," ಎಂದರು ಕಾರ್ಯದರ್ಶಿಗಳು. "ನಾನು ಮಾತು ತಪ್ಪೋನಲ್ಲ. ನೋಡ್ಕೊಳ್ಳೋ ಕೆಲಸ ಇನ್ನಿಲ್ಲ. ಇವತ್ತಿಂದ ನಿಮ್ದು ಬರೀ ಹೊಸಾದು ಮಾಡೋ ಕೆಲಸ."

ಅವನು ದಿಕ್ಕು ತೋಚದೆ ಹೆಂಡತಿಯ ಕಡೆ ತಿರುಗಿದ. "ಬಸ್ಸಿಗೆ ಹೊತ್ತಾಯ್ತಲ್ವೇನೇ?"

ಅವಳು ಸೂಟ್‌ಕೇಸಿನಿಂದ ಎದ್ದು ಸಾಲಿನ ಮುಂದಕ್ಕೆ ಬಂದಳು.

"ಬಸ್ಸು ನಾಳೇನೂ ಇರುತ್ತೆ. ಎಲ್ಲರಿಗಿಂತ ಮೊದ್ಲು ನಮ್ಮನೇದು ಮಾಡಿ. ನೀವು ನನಗೆ ಹೇಳದೆ ಈ ಗೇಟು ದಾಟಿದ್ರೆ ತಕ್ಷಣ ನನ್ನ ಫೋನು ಬಡ್ಕೋಬೇಕು."