ಎಡಗೈಗೆ ಕಡಲು, ಬಲಗೈಗೆ ಹೊಗೆ

ಲಿಫ್ಟಿನಲ್ಲಿ ಬೆವರಿನ ನಾತ ಎಂದು ಯಾರೋ ದೂರು ಬರೆದಿದ್ದರು. ಇಡೀ ದಿನ ಅದರೊಳಗೆ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತುವವನು ವಾಲ್ದೆಮಿರ್ ಒಬ್ಬನೇ ಆದ್ದರಿಂದ ಹೆಸರು ಹಾಕುವ ಅಗತ್ಯ ಬಿದ್ದಿರಲಿಲ್ಲ. ಅವನನ್ನು ಇಟ್ಟುಕೊಳ್ಳುವುದೋ, ಇನ್ನು ಜನರೇ ಗುಂಡಿ ಒತ್ತಿಕೊಳ್ಳುವುದೋ ಎಂದು ರೆಸಿಫೆ ನಗರದ ಆ ಎಂಟು ಮಹಡಿಯ ಹಳೇ ಕಟ್ಟಡದ ಮಾಲೀಕರು ಸಂಜೆ ಐದಕ್ಕೆ ಮತ ಹಾಕುವವರಿದ್ದರು.

ನೆಲ ಒರೆಸುತ್ತ, ಬಿಡುವಿನಲ್ಲಿ ಕ್ಯಾಟಲಾಗ್ ಹಿಡಿದು ಸೆಂಟು ಮಾರುವ ದೊನಾ ಇರಾಸಿ ಬೆಳಿಗ್ಗೆಯೇ ಅವನ ಕೈ ಹಿಡಿದು ಒಂದೊಂದಕ್ಕೆ ಒಂದೊಂದು ಸೆಂಟು ಹೊಡೆದಳು.

"ಎಡಗೈಗೆ ಕಡಲ ಗಾಳಿ. ಬಲಗೈಗೆ ಹೊಗೆ ಹಿಡಿದ ಕಟ್ಟಿಗೆ. ಬಂದೋರಿಗೆಲ್ಲ ಮೂಸೋಕೆ ಕೊಡು. ಜಾಸ್ತಿ ಜನ ಒಪ್ಪಿದ್ದನ್ನ ಸಭೆಗೆ ಮುಂಚೆ ಮೈತುಂಬ ಹೊಡ್ಕೊ."

ಎರಡನೇ ಮಹಡಿಯ ದರ್ಜಿ ಎಡಗೈ ಮೂಸಿದ. "ಐಸ್‌ ಮೇಲಿಟ್ಟ ಮೀನು ಕಣಯ್ಯ."

ನಾಲ್ಕನೆಯದರ ವಕೀಲೆ ಬಲಗೈ ಮೂಸಿ ಕಣ್ಣು ಮುಚ್ಚಿದಳು. "ಆಹಾ, ಗಂಡಸು ಅಂದ್ರೆ ಇದು!" ಕಣ್ಣು ತೆರೆದು ವಾಲ್ದೆಮಿರ್‌ನನ್ನು ನೋಡಿ, "ಕಡಲೇ ಇರ್ಲಿ ಬಿಡಿ," ಎಂದಳು.

ಮಧ್ಯಾಹ್ನದ ಹೊತ್ತಿಗೆ ಅವನ ಕೈಗಳು ದೇವರ ವಿಗ್ರಹದ ಪಾದದಂತೆ ಎಲ್ಲರ ಮುಖ ಕಂಡಿದ್ದವು. ಲೆಕ್ಕ ಮಾತ್ರ ಏಳಕ್ಕೆ ಏಳು. ಇರಾಸಿ ಎರಡನ್ನೂ ಇನ್ನೊಂದು ಸುತ್ತು ಸುರಿದಳು. ಫ್ಯಾನಿಲ್ಲದ ಆ ಡಬ್ಬಿಯ ಸೆಕೆಗೆ ಕಡಲು ಆವಿಯಾಯಿತು. ಹೊಗೆ ಮಾತ್ರ ಬಾಗಿಲು ತೆರೆದಲ್ಲೆಲ್ಲ ಇಳಿಯಿತು.

ಐದನೇ ಮಹಡಿಯ ಮುದುಕ ಒತಾಸಿಲಿಯು ಮೂಗೆತ್ತಿ ಕಿರುಚಿದ: "ವೈರ್ ಸುಡ್ತಿದೆ! ಬೆಂಕಿ!"

"ಅದು ನಾನು ಸ್ವಾಮಿ!" ಎಂದು ವಾಲ್ದೆಮಿರ್ ಕೂಗಿದ್ದು ಭಯ ಹೆಚ್ಚಿಸಿತು. ಎಂಟೂ ಮಹಡಿಯ ಜನ ಮೆಟ್ಟಿಲಿಳಿದು ಬೀದಿಗೆ ಓಡಿದರು. ಅಗ್ನಿಶಾಮಕದವರು ಬಂದು ಹುಡುಕಿದರು. ಬೆಂಕಿ ಸಿಗಲಿಲ್ಲ. ಸಿಕ್ಕಿದ್ದು ಎಳೆ ಬಿಚ್ಚಿಕೊಂಡಿದ್ದ ಲಿಫ್ಟಿನ ಹಗ್ಗ. ಲಿಫ್ಟಿಗೆ ಬೀಗ ಜಡಿದು ಹೋದರು.

ಮಾಲೀಕರ ಸಭೆ ಫುಟ್‌ಪಾತಿನಲ್ಲೇ ನಡೆಯಿತು. ವಾಲ್ದೆಮಿರ್ ಗೋಡೆಗೆ ಒರಗಿ, ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟು ನಿಂತ.

"ನಿನ್ನ ಸೆಂಟಿಲ್ದಿದ್ರೆ ಆ ಹಗ್ಗ ನಮ್ಮನ್ನ ಕೊಲ್ತಿತ್ತು," ಎಂದಳು ಅಧ್ಯಕ್ಷೆ ದೊನಾ ಗಿಸೆಲ್ಡಾ. "ನೀನಿರ್ಬೇಕು ಅಂತ ಒಬ್ರೂ ಬಿಡದೆ ಕೈ ಎತ್ತಿದ್ರು, ಮಗಾ."

ಅವನ ಕಣ್ಣು ತುಂಬಿತು. "ಲಿಫ್ಟ್ ಯಾವಾಗ ರಿಪೇರಿ, ಅಮ್ಮಾ?"

"ಅದರ ಬಿಡಿಭಾಗ ಈಗ ಯಾರೂ ಮಾಡಲ್ವಂತೆ. ಅದಕ್ಕೇ ತಾನೇ ನಿನ್ನ ಇಟ್ಕೊಂಡಿದ್ದು! ಸಾಮಾನು ಮೇಲೆ ಹೋಗ್ಬೇಕಲ್ಲ?"

ಅವಳು ಬೀದಿಯತ್ತ ಕೈ ತೋರಿಸಿದಳು. ಎಂಟನೇ ಮಹಡಿಯ ದಂತವೈದ್ಯರ ಹೊಸ ಕಬ್ಬಿಣದ ಕುರ್ಚಿಯನ್ನು ಲಾರಿಯಿಂದ ಇಳಿಸುತ್ತಿದ್ದರು.