ಬ್ಯಾಕ್‌ಸ್ಪೇಸ್ ಒತ್ತದ ಭಾವ

ನಮ್ಮ ಭಾವನಿಗೆ ವೆಬ್‌ಸೈಟ್ ಮಾಡಲಿಕ್ಕೆ ಬರುತ್ತಿತ್ತು. ಈ ವಿಷಯ ಕೊಪ್ಪದಲ್ಲಿ ಎಲ್ಲರಿಗೂ ಗೊತ್ತಿತ್ತು, ಭಾವನೊಬ್ಬನನ್ನು ಬಿಟ್ಟು! ಇಂಥ ಮನುಷ್ಯನ ಜೊತೆ ಏಗುವುದು ಎಷ್ಟು ಕಷ್ಟ ಅಂತ ನಿಮಗೆ ಹೇಗೆ ಗೊತ್ತಾಗಬೇಕು? ಅವನು ನಿಮ್ಮ ಅಕ್ಕನ ಗಂಡ ಅಲ್ಲವಲ್ಲ.

ಭಾವನದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಒಂದು ಕಾಲದಲ್ಲಿ ಅಲ್ಲಿಯ ಟಕಟಕ ಸದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತಿತ್ತಂತೆ. ನಾನು ಅದರ ಎದುರಿಗೇ ಸೈಬರ್ ಸೆಂಟರ್ ಹಾಕುವ ಹೊತ್ತಿಗೆ ಅರ್ಧ ಮಿಶನ್ನುಗಳ ಮೇಲೆ ಬಟ್ಟೆ ಮುಚ್ಚಿ ಆಗಿತ್ತು. ಕಲಿಯಲಿಕ್ಕೆ ಬರುತ್ತಿದ್ದವರು ನಾಲ್ಕೈದು ಹುಡುಗಿಯರು. ಇನ್‌ಸ್ಟಿಟ್ಯೂಟ್ ಮುಚ್ಚಿದರೆ ಭಾವ ಮುಂದೆ ಎಂತ ಮಾಡುತ್ತಾನೆ ಅನ್ನುವ ಚಿಂತೆ ಅಕ್ಕನಿಗೆ. ಭಾವ ಒಂದು ದಿನ ರಸ್ತೆ ದಾಟಿ ಬಂದ. "ಇದ್ರೊಳಗೆ ಈ ಪುಟ ಬರೀತಾರಲ್ಲ, ಅದು ಹ್ಯಾಂಗೆ ಮಾರಾಯ?" ಅಂದ. ಬೇರೆಯವರ ಪುಟದ ಒಳಗಿನ ಕೋಡನ್ನು ತೆಗೆದು ನೋಡಬಹುದು ಅಂತ ನಾನು ಮೌಸಿನ ಬಲಗಡೆ ಒತ್ತಿ ತೋರಿಸಿದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಅದಾದ ಮೇಲೆ ಆ ಮನುಷ್ಯ ನನ್ನ ಕುರ್ಚಿ ಬಿಟ್ಟು ಎದ್ದರೆ ಕೇಳಿ.

ಕಲಿಯಲಿ, ಬೇಡ ಅಂದವರು ಯಾರು? ಆದರೆ ಕಲಿಯುವ ರೀತಿ ಅಂತ ಒಂದು ಇರುತ್ತದಲ್ಲ? ಕರೆಂಟು ಹೋದಾಗ ಸುಮ್ಮನೆ ಕೂರಬಾರದು ಅಂತ ಇವನು ವೆಬ್ ಪುಟವನ್ನು ಟೈಪ್‌ರೈಟರಿನಲ್ಲಿ ಹೊಡೆಯಲು ಶುರು ಮಾಡಿದ! ಕಾರ್ಬನ್ ಇಟ್ಟು, ಎರಡು ಪ್ರತಿ. ಒಂದು ಕಂಪ್ಯೂಟರಿಗೆ ನೋಡಿ ಹೊಡೆಯಲಿಕ್ಕೆ, ಇನ್ನೊಂದು ಫೈಲಿಗೆ. ಪುಟದ ಕೋಡಿಗೆ ಬೇಕಾದ ಮೂಲೆ ಬ್ರಾಕೆಟ್ಟು, ಅಂದರೆ < > ಗುರುತು, ಟೈಪ್‌ರೈಟರಿನಲ್ಲಿ ಇಲ್ಲ. ಅದಕ್ಕೆ ಜಾಗ ಬಿಟ್ಟು, ಆಮೇಲೆ ಕೆಂಪು ಪೆನ್ನಿನಲ್ಲಿ ಒಂದೊಂದಾಗಿ ಬರೆಯುವುದು. ಅಷ್ಟಕ್ಕೆ ಮುಗಿಯಲಿಲ್ಲ. ಸ್ಪೀಡ್ ಅಭ್ಯಾಸಕ್ಕೆ ಅಂತ ಹುಡುಗಿಯರಿಗೂ ಅದನ್ನೇ ಕೊಟ್ಟ. ಒಬ್ಬಳು ಕಾಲೇಜಿಗೆ ರಜಾ ಅರ್ಜಿ ಟೈಪ್ ಮಾಡುವಾಗ ವೆಬ್ ಪುಟದ ಕೋಡಿನ ಹಾಗೇ ಮೇಲೆ 'ಹೆಡ್', ಕೆಳಗೆ 'ಬಾಡಿ' ಅಂತ ಹೊಡೆದು ಕೊಟ್ಟಳಂತೆ. ಅವಳ ಅಪ್ಪ ಜಗಳಕ್ಕೆ ಬಂದದ್ದು ನನ್ನ ಅಂಗಡಿಗೆ.

ಇದನ್ನೆಲ್ಲ ಸಹಿಸಬಹುದಿತ್ತು. ನನ್ನ ಪಿತ್ತ ನೆತ್ತಿಗೇರಿಸಿದ್ದು ಬ್ಯಾಕ್‌ಸ್ಪೇಸಿನ ಸಂಗತಿ. ಟೈಪಿಂಗ್ ಪರೀಕ್ಷೆಯಲ್ಲಿ ಹೊಡೆದ ಅಕ್ಷರದ ಮೇಲೆ ಮತ್ತೆ ಹೊಡೆದರೆ ಅದು ತಪ್ಪು. ಅದು ಇವನ ರಕ್ತದಲ್ಲಿ ಸೇರಿಹೋಗಿತ್ತು. ಕಂಪ್ಯೂಟರಿನಲ್ಲಿ ಅರ್ಧ ಗಂಟೆ ಕೂತು ಪುಟ ಬರೆಯುತ್ತಾನೆ. ಕೊನೆಯಲ್ಲಿ ಒಂದು ಅಕ್ಷರ ತಪ್ಪುತ್ತದೆ. ಪೂರ್ತಿ ಫೈಲು ಅಳಿಸಿ ಮೊದಲಿನಿಂದ ಶುರು!

"ಭಾವ, ಆ ಒಂದು ಅಕ್ಷರ ಅಳಿಸು ಸಾಕು. ಅದಕ್ಕೇ ಈ ಕೀ ಇಟ್ಟದ್ದು."

"ಅದು ಮೋಸ ಮಾರಾಯ."

"ಯಾರಿಗೆ ಮೋಸ? ಕಂಪ್ಯೂಟರಿಗಾ?"

ಭಾವ ಫೈಲು ಅಳಿಸಿದ. ಮತ್ತೆ ಮೊದಲ ಸಾಲು. ಪಕ್ಕದಲ್ಲಿ ಮೇಲ್ ನೋಡಲು ಬಂದ ಗಿರಾಕಿಗಳು ಕಾಯುತ್ತಾ ನನ್ನ ಮುಖ ನೋಡುತ್ತಿದ್ದರು.

ಹೀಗೆ ಬರೆದೂ ಬರೆದೂ ಅವನಿಗೆ ಕೆಲಸ ಚೆನ್ನಾಗಿಯೇ ಕೈಹತ್ತಿತು, ಸುಳ್ಳು ಹೇಳಬಾರದು. ಆಗಲೇ ಸಿರಿಮನೆ ಫಾಲ್ಸ್ ಕಡೆ ಹೋಂಸ್ಟೇ ಮಾಡಿದ ಒಬ್ಬರು ಅಂಗಡಿಗೆ ಬಂದರು. "ನಮ್ಗೊಂದು ವೆಬ್‌ಸೈಟ್ ಆಗ್ಬೇಕಿತ್ತು. ಮಾಡೋರು ನೀವೇ ಅಲ್ದಾ?" ಅಂತ ಭಾವನನ್ನೇ ಕೇಳಿದರು. ಇವನು ಎಂತ ಹೇಳಬೇಕು? "ನಾನಲ್ಲ, ಇವನ್ನ ಕೇಳಿ" ಅಂತ ನನ್ನ ಕಡೆ ಕೈ ತೋರಿಸಿದ! ನನಗೆ ಪ್ರಿಂಟರಿನ ವಯರು ಸಿಕ್ಕಿಸುವುದು ಬಿಟ್ಟು ಬೇರೆ ಎಂತ ಬರುತ್ತಿತ್ತು? ಅವರು ಹೋದ ಮೇಲೆ ನಾನು ಬಾಯಿಗೆ ಬಂದಂತೆ ಬೈದೆ. ಭಾವ ತಣ್ಣಗೆ ಹೇಳಿದ, "ನಾನು ಯಾವ ಪರೀಕ್ಷೆ ಪಾಸಾಗಿದೀನಿ ಅಂತ ಒಪ್ಕೊಳ್ಳೋದು?"

ಪರೀಕ್ಷೆ ಇಲ್ಲದೆ ಕಲಿತದ್ದು ಕಲಿತದ್ದೇ ಅಲ್ಲವಂತೆ! ಇದೇ ಮನುಷ್ಯ, ಮದುವೆಗೆ ಮುಂಚೆ ಟೈಪಿಂಗ್ ಕಲಿಯಲು ಬರುತ್ತಿದ್ದ ನನ್ನ ಅಕ್ಕನನ್ನು "ಇನ್ನೂ ಕೈ ಕೂತಿಲ್ಲ" ಅಂತ ಜೂನಿಯರ್ ಪರೀಕ್ಷೆಗೆ ಕಳಿಸಲೇ ಇಲ್ಲ. ಮದುವೆಯಾಗಲಿಕ್ಕೆ ಮಾತ್ರ ಅಡ್ಡಿ ಬರಲಿಲ್ಲ.

ನಾನು ಅಕ್ಕನ ಹತ್ತಿರ ದೂರು ಒಯ್ದೆ. ಅಕ್ಕ ದೋಸೆ ಮಗುಚುತ್ತಾ ಎಲ್ಲ ಕೇಳಿದಳು. "ಪರೀಕ್ಷೆ ತಾನೆ? ನಾನು ಮಾಡ್ತೀನಿ" ಅಂದಳು.

ಮುಂದಿನ ಭಾನುವಾರ ಸೈಬರಿನ ಶಟರ್ ಅರ್ಧ ಇಳಿಸಿ ಪರೀಕ್ಷೆ ನಡೆಯಿತು. ಇನ್‌ಸ್ಟಿಟ್ಯೂಟಿನ ಗಡಿಯಾರ, ಗಂಟೆ ಎರಡೂ ಬಂದವು. ಅಕ್ಕ ಇಸ್ತ್ರಿ ಸೀರೆ ಉಟ್ಟು ಬಂದಿದ್ದಳು. "ಸಿರಿಮನೆ ಹೋಂಸ್ಟೇಗೆ ಒಂದು ಪುಟ. ಒಂದು ಗಂಟೆ ಟೈಮು" ಅಂದಳು. ಮನೆಯವಳೇ ಪರೀಕ್ಷಕಿ ಅಂದರೆ ನಮ್ಮವರೇ ಕೊಟ್ಟ ಪಾಸು, ಅದಕ್ಕೆ ಎಂತ ಬೆಲೆ ಅಂತ ಭಾವ ಗೊಣಗುತ್ತಲೇ ಕೂತ. ಮಾಡಿದ್ದು ಭರ್ಜರಿ ಪುಟ. ಜಲಪಾತದ ಫೋಟೋ, ಮಿಣಮಿಣ ಮಿನುಗುವ ಸ್ವಾಗತ, ಎಡದಿಂದ ಬಲಕ್ಕೆ ಓಡುವ ಅಕ್ಷರ.

ಅಕ್ಕ ಕನ್ನಡಕ ಏರಿಸಿ ನೋಡಿದಳು.

"ಶೃಂಗೇರಿ ದಾಟಿದ ಮೇಲೆ ಯಾವ ಕಡೆ ತಿರುಗ್ಬೇಕು ಅಂತ ಎಲ್ಲಿದೆ?"

"ಅದು... ಹಾಕಿಲ್ಲ."

"ಊಟ ಸಿಗ್ತದಾ? ಫೋನ್ ನಂಬರ್ ಎಲ್ಲಿ? ಅಕ್ಷರ ಹೀಗೆ ಓಡಿದ್ರೆ ಓದೋದು ಯಾರು? ಫೇಲು."

ನಾನು ತಲೆ ಮೇಲೆ ಕೈ ಹೊತ್ತೆ. ಧೈರ್ಯ ತುಂಬಲಿ ಅಂತ ಕರೆದರೆ ಇವಳು ಇದ್ದಬದ್ದದ್ದನ್ನೂ ಕಳೆದಳಲ್ಲ! ಆದರೆ ಭಾವನ ಮುಖ ನೋಡುತ್ತೇನೆ, ಹಬ್ಬ! "ಮುಲಾಜೇ ಇಲ್ಲ ಮಾರಾಯ. ಇದು ಪರೀಕ್ಷೆ ಅಂದ್ರೆ" ಅಂತ ಖುಷಿಯಲ್ಲಿ ಮನೆಗೆ ಹೋದ. ಆ ವಾರವಿಡೀ ಹುಚ್ಚು ಹಿಡಿದವರ ಹಾಗೆ ಓದಿದ.

ಎರಡನೆಯ ಭಾನುವಾರ ಎಲ್ಲ ಸರಿಯಾಗಿ ನಡೆದಿತ್ತು. ಗಂಟೆ ಹೊಡೆಯಲು ಸ್ವಲ್ಪ ಹೊತ್ತಿದೆ ಅನ್ನುವಾಗ ಒಂದು ಅಕ್ಷರ ತಪ್ಪಿತು. ಭಾವನ ಕೈ ಪೂರ್ತಿ ಫೈಲು ಅಳಿಸಲು ಹೋಯಿತು. ನಾನು ಕೂಗಬೇಕು ಅನ್ನುವಷ್ಟರಲ್ಲಿ ಅಕ್ಕ ಹೇಳಿದಳು, "ಈ ಪರೀಕ್ಷೆಲಿ ತಪ್ಪು ತಿದ್ದಿದ್ರೆ ಮಾರ್ಕ್ಸ್ ಕಳೆಯೋದಿಲ್ಲ. ತಿದ್ದದೆ ಬಿಟ್ರೆ ಕಳೀತೀನಿ."

ನಾನು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡದ್ದು ಇದನ್ನೇ ಅಲ್ಲವಾ? ನನ್ನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ಪರೀಕ್ಷಕರು ಹೇಳಿದ್ದಕ್ಕೆ ಭಾವ ಬ್ಯಾಕ್‌ಸ್ಪೇಸ್ ಒತ್ತಿದ. ಪಾಸೂ ಆದ. ಅಲ್ಲೇ ನನ್ನ ಫೋನಿನಿಂದ ಹೋಂಸ್ಟೇಯವರಿಗೆ ಮಾತಾಡಿದ. "ವೆಬ್‌ಸೈಟ್ ಮಾಡೋನು ನಾನೇ. ಬರ್ತದೆ ನಂಗೆ" ಅಂದ. ಕಣ್ಣು ಅಕ್ಕನ ಕಡೆಗೇ ಇತ್ತು, ಆದರೆ ಅಂದ.

ಸದ್ಯ, ಮುಗಿಯಿತು ಅಂತ ನಾನು ಶಟರ್ ಎತ್ತಲು ಹೋದೆ. ಭಾವ ಅಕ್ಕನ ಕೈಯಿಂದ ಗಡಿಯಾರವನ್ನೂ ಗಂಟೆಯನ್ನೂ ತೆಗೆದುಕೊಂಡು ರಸ್ತೆ ದಾಟಿದ. ಅಕ್ಕನೂ ನಾನೂ ಹಿಂದೆಯೇ ಹೋದೆವು. ಇನ್‌ಸ್ಟಿಟ್ಯೂಟಿನ ಬಾಗಿಲು ತೆಗೆದು, ಕಿಟಕಿ ಪಕ್ಕದ ಮಿಶನ್ನಿನ ಬಟ್ಟೆ ಸರಿಸಿ, ಬಿಳಿ ಹಾಳೆ ಸಿಕ್ಕಿಸಿದ.

"ಬಾ, ಕೂತ್ಕೋ. ನಿನ್ನ ಜೂನಿಯರ್ ಬಾಕಿ ಇದೆ."

"ಈಗ್ಯಾಕೆ? ಕೈ ಕೂತಿಲ್ಲ ಅಂದಿದ್ರಲ್ಲ."

"ಕೂತಿತ್ತು" ಅಂದ ಭಾವ. "ಪಾಸಾದ್ರೆ ಕಲಿಯೋದು ಮುಗೀತು ಅಂತ ನೀನು ಬರೋದು ನಿಲ್ಸಿಬಿಡ್ತೀಯ ಅಂತ ಹೆದರಿಕೆ ಆಗಿತ್ತು."