ಕತ್ತೆಕಿವಿಯ ಮೊಲ ಅಡ್ಡ ಬಂದದ್ದು

ಮೊರದಗಲ ಕಿವಿಯಿಟ್ಟುಕೊಂಡು ನನ್ನಂಥವನ ಗೊಣಗಾಟವನ್ನೂ ಕೇಳಿಸಿಕೊಳ್ಳುವ ಗಣಪನಿಗೆ ಮೊದಲ ನಮಸ್ಕಾರ. ನಮ್ಮ ಅಕ್ಕನ ಜೊತೆ ಹೊರಟರೆ ಇಂಥವು ಆಗುತ್ತಲೇ ಇರುತ್ತವೆ. ಎಲ್ಲಾ ಅವನ ಇಚ್ಛೆ.

೧. ಫೋಟೋ

ನನ್ನ ಮಗಳು ಜಕ್ಕೂರಿನ ಹುಡುಗನನ್ನು ಮೆಚ್ಚಿದ್ದಳು. ಮನೆಯವರು ಮೂಲತಃ ಹುಬ್ಬಳ್ಳಿ ಕಡೆಯವರು. ಅಕ್ಕ ಫೋಟೋ ನೋಡಿ, "ಏನೋ ಇದು! ಹುಡುಗನ್ನ ನೋಡ್ಬೇಕೋ, ಕಿವೀನ ನೋಡ್ಬೇಕೋ?" ಅಂದಳು.

ಅಟ್ಟೂರಿನಲ್ಲಿ ಅಕ್ಕನದು ದಿನಸಿ ಅಂಗಡಿ. ಗೋಡೆಯ ಮೇಲೆ ಕತ್ತೆಯ ಪಟ, ಕೆಳಗೆ "ನನ್ನ ನೋಡಿ, ಯೋಗ ಬರುತ್ತೆ" ಎಂಬ ಬರಹ. ಬೆಳಿಗ್ಗೆ ಅವಳು ಮೊದಲು ಕೈ ಮುಗಿಯುವುದು ಅದಕ್ಕೆ. ಪಕ್ಕದ ವೆಂಕಟರಮಣನಿಗೆ ಆಮೇಲೆ. ಏಳು ಬೆಟ್ಟದ ಮೇಲೆ ನಿಂತವನು, ತಾಳ್ಮೆ ಜಾಸ್ತಿ.

೨. ಬೆಕ್ಕು, ಸೀನು

ಹುಡುಗನ ಮನೆ ನೋಡಲು ಹೊರಟಾಗ ಬೆಕ್ಕು ಅಡ್ಡ ಬಂತು. ಅಕ್ಕ ವಾಪಸ್ ಕರೆತಂದಳು. ಎರಡನೇ ಸಲ ಹೊಸ್ತಿಲಲ್ಲೇ ಒಂಟಿ ಸೀನು. ಮತ್ತೆ ವಾಪಸ್.

ಸೀನಿದ್ದು ಅಕ್ಕನೇ.

೩. ಮೊಲ

ಹುಡುಗನ ತಂದೆ ಫೋನ್ ಮಾಡಿ, "ಭಾನುವಾರ ಹತ್ತರೊಳಗ ಬರ್ರಿ. ಈ ಸಲಾನೂ ಬರ್ಲಿಲ್ಲಂದ್ರ ಬ್ಯಾರೆ ಕಡೆ ನೋಡ್ತೀವ್ರಿ," ಅಂದರು. ಮಗಳು ಊಟ ಬಿಟ್ಟು ಕೂತಳು. ನಾನು ಗಣಪನಿಗೆ ಇಪ್ಪತ್ತೊಂದು ಕಡುಬು ಹರಸಿಕೊಂಡೆ.

ಭಾನುವಾರ ಮಗಳೇ ಕಾರು ಓಡಿಸಿದಳು. ಜಕ್ಕೂರು ಕೆರೆ ಹತ್ತಿರ ಕಾಡುಮೊಲವೊಂದು ಚಂಗನೆ ರಸ್ತೆ ದಾಟಿತು.

"ಅಯ್ಯೋ, ಮೊಲ ಅಡ್ಡ ಬಂತು! ಬೆಕ್ಕಿಗಿಂತ ಕೆಟ್ಟದ್ದು. ತಿರುಗ್ಸೇ ಗಾಡೀನ!" ಹಿಂದಿನ ಸೀಟಿನಿಂದ ಅಕ್ಕ ಕೂಗಿದಳು.

ಮಗಳು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ಕಾರು ನಿಲ್ಲಿಸಿದಳು. "ಅತ್ತೆ, ಅಮೆರಿಕದಲ್ಲಿ ಕಾಡುಮೊಲಕ್ಕೆ ಜ್ಯಾಕ್‌ರ‍್ಯಾಬಿಟ್ ಅಂತಾರೆ."

"ಏನಾದ್ರೂ ಅನ್ಲಿ, ತಿರುಗ್ಸು."

"ಜ್ಯಾಕ್ಯಾಸ್ ಅಂದ್ರೆ ಗಂಡುಕತ್ತೆ. ಕಿವಿ ಥೇಟ್ ಕತ್ತೇದು ಅಂತ ಮೊದ್ಲು ಜ್ಯಾಕ್ಯಾಸ್ ರ‍್ಯಾಬಿಟ್ ಅಂದ್ರು. ಆಮೇಲೆ ಚಿಕ್ಕದು ಮಾಡ್ಕೊಂಡ್ರು."

ಅಕ್ಕ ತಣ್ಣಗಾದಳು. "ಅಂದ್ರೆ ಕತ್ತೆಮೊಲ?"

"ಹೂಂ. ಆದ್ರೆ ಅದು ಅಲ್ಲೀದು."

"ಕತ್ತೆ ಎಲ್ಲಿದ್ರೂ ಕತ್ತೇನೇ ಕಣೇ! ಮೊದ್ಲೇ ಹೇಳ್ಬಾರ್ದಿತ್ತಾ? ನಾನು ಮುಖಾನೇ ಸರಿಯಾಗಿ ನೋಡ್ಲಿಲ್ಲ!"

ಇಳಿದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಲ್ಲಿನೊಳಗೆ ಮೊಲ ಹುಡುಕತೊಡಗಿದಳು. ಹತ್ತಕ್ಕೆ ಐದೇ ನಿಮಿಷ ಇದ್ದಾಗ ಕೈಹಿಡಿದು ಎಳೆತಂದೆ.

"ಅರ್ಧ ದರ್ಶನ ಆಯ್ತಲ್ಲೋ," ಅಂತ ದಾರಿಯುದ್ದಕ್ಕೂ ಗೊಣಗಿದಳು.

೪. ಬಾಗಿಲು

ಬಾಗಿಲು ತೆಗೆದದ್ದು ಹುಡುಗನೇ. "ಬರ್ರಿ, ಬರ್ರಿ! ಹತ್ತಕ್ಕ ಸರಿ ಬಂದ್ರಿ." ಹಿಂದಿನ ಕಿಟಕಿಯ ಬಿಸಿಲಿಗೆ ಅವನ ಎರಡೂ ಕಿವಿ ದೀಪದ ಹಾಗೆ ಕೆಂಪಗೆ ಬೆಳಗುತ್ತಿದ್ದವು.

ಅಕ್ಕ ಕಣ್ತುಂಬ ನೋಡಿದಳು. ಚಪ್ಪಲಿ ಬಿಟ್ಟು, ಅಂಗಡಿಯಲ್ಲಿ ಮುಗಿಯುವಂತೆಯೇ ಎರಡೂ ಕೈ ಮುಗಿದು, ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು:

"ಪೂರ್ತಿ ಆಯ್ತು ಕಣೋ. ಲಗ್ನ ಬರೆಸು."

ಇದನ್ನು ಕೇಳಿದ ಕಿವಿಗಳು ಉದ್ದವಿರಲಿ, ಗಿಡ್ಡವಿರಲಿ, ಗಣಪ ಅವಕ್ಕೆಲ್ಲ ಒಳ್ಳೆಯ ಸುದ್ದಿಯನ್ನೇ ಕೇಳಿಸಲಿ.